ಅಚ್ಚಾಗದೆ ವಾಪಸ್ ಬಂದ ಮುಖಪುಟ

ಬೆಳಗ್ಗೆ ಫೋನ್ ಬಂದಾಗ ಬೇರೆ ಯಾರೋ ನಾಗಮಲ್ಲಪ್ಪ ಇರಬೇಕು ಅಂದುಕೊಂಡೆ...
ನಮ್ಮ ಕಡೆ ಆ ಹೆಸರಿನವರು ಬೀದಿಗೊಬ್ಬರು.
ಮತ್ತೆ ಮಾಡಿ ಕೇಳಿದೆ. ಮೂರನೇ ಸಲ ಅವರ ಮಗಳೇ ಎತ್ತಿದಳು...
ಹೌದಂತೆ.
ಆರ್ಟಿಸ್ಟ್ ನಾಗಮಲ್ಲಣ್ಣ ಇನ್ನಿಲ್ಲ. ಹಾರ್ಟ್ ಅಟ್ಯಾಕ್.
ನಾಳೆ ಹತ್ತು ಗಂಟೆಗೆ ಚಂದಕವಾಡಿಯ ಅವರ ಜಮೀನಿನಲ್ಲಿ ಮಣ್ಣು.

ನಮ್ಮ ಈ ವಾಟ್ಸಾಪ್ ಗ್ರೂಪಿನ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ...
ಹಿಂದೆ ಸಿನಿಮಾ ಪತ್ರಿಕೆಗಳ ಮುಖಪುಟಕ್ಕೆ ನಟ ನಟಿಯರ ಮುಖ ಬರೆದು ಕಳಿಸುತ್ತಿದ್ದವರು ಗುಂಡ್ಲುಪೇಟೆಯ ಇವರು.
ಪತ್ರಿಕೆಯಿಂದ ಅಂಗೈಯಗಲದ ಬ್ಲಾಕ್ ಅಂಡ್ ವೈಟ್ ಫೋಟೋ ಬರುತ್ತಿತ್ತು.
ಸೀರೆ ಯಾವ ಬಣ್ಣ? ಯಾರಿಗೂ ಗೊತ್ತಿಲ್ಲ...
ಇವರು ಮಂಡಿಯಿಂದ ಈರುಳ್ಳಿ ಸಿಪ್ಪೆ ತಂದು, ಪಕ್ಕದಲ್ಲಿಟ್ಟುಕೊಂಡು ಆ ಬಣ್ಣವನ್ನೇ ಹಚ್ಚುತ್ತಿದ್ದರು.
ಆಮೇಲೆ ಚಾಮರಾಜನಗರದ ಬಟ್ಟೆ ಅಂಗಡಿಗಳಲ್ಲಿ ಹೆಂಗಸರು ಅದೇ ಬಣ್ಣ ಕೇಳುತ್ತಿದ್ದರು.

ಕಳಿಸಿದ ಒರಿಜಿನಲ್ ಯಾವುದೂ ವಾಪಸ್ ಬರುತ್ತಿರಲಿಲ್ಲ.
ಒಂದೇ ಒಂದು ಬಂತು. ಆ ನಟಿ ಮದುವೆಯಾಗಿ ಸಿನಿಮಾ ಬಿಟ್ಟಳೆಂದು ಅಚ್ಚು ಮಾಡದೆ ಕಳಿಸಿಬಿಟ್ಟಿದ್ದರು.
ಅವರ ಮನೆಗೆ ಗೆದ್ದಲು ಹತ್ತಿದಾಗ ಅದನ್ನು ನನ್ನ ಕೈಗೆ ಕೊಟ್ಟರು.
"ನೀನು ಪುಕ್ಲ ಕಣ್ಲಾ. ನಿನ್ನಂಗೆ ಜೋಪಾನ ಮಾಡೋನು ಇನ್ನೊಬ್ನಿಲ್ಲ. ಮಡೀಕೋ."

ಅವತ್ತಿನಿಂದ ನನಗೆ ಒಂದೇ ಯೋಚನೆ...
ನಮ್ಮ ಮನೆಗೂ ಗೆದ್ದಲು ಬಂದರೆ? ಸೂರು ಸೋರಿದರೆ? ಇಲಿ?
ತಡೆಯಲಾರದೆ ಚಾಮರಾಜನಗರಕ್ಕೆ ಒಯ್ದು ಲ್ಯಾಮಿನೇಶನ್‌ಗೆ ಕೊಟ್ಟೆ.
ಮೆಷಿನ್‌ನೊಳಗೆ ಸಿಕ್ಕಿಕೊಂಡಿತು...
ಎಳೆದು ತೆಗೆದಾಗ ಆ ನಟಿಯ ಮುಖದ ತುಂಬ ಸುಕ್ಕು.

ನಾಗಮಲ್ಲಣ್ಣ...
ಎರಡು ವರ್ಷ ನಿನ್ನ ಬೀದಿ ಬಿಟ್ಟು ಸುತ್ತಿಕೊಂಡು ಓಡಾಡಿದೆ.
ನೀನು "ಒಂದ್ಸಲ ತತ್ತಾ, ನೋಡನ" ಅಂದಾಗಲೆಲ್ಲ ಸುಳ್ಳು ಹೇಳಿದೆ.
ಬೀರುವಿನ ಕೀ ಕಳೆದಿದೆ ಅಂದೆ. ಬೀರುವೇ ತಂಗಿ ಮನೆಯಲ್ಲಿದೆ ಅಂದೆ...
ಹೋದ ಭಾನುವಾರ ತಂದು ಕೊಟ್ಟುಬಿಟ್ಟೆ.
ನೀನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ.
"ಯಾವೋನ್ಲಾ ಇಂಗ್ ಮಾಡ್ದೋನು?"
"ನಾನೇ ಕಣಣ್ಣ. ಗೆದ್ಲಿಗೆ ಎದ್ರಿ ಲ್ಯಾಮಿನೇಶನ್ ಮಾಡಿಸ್ಬುಟ್ಟೆ."
"ಇದ್ಕಾ ಎರಡು ವರ್ಸದಿಂದ ಮೊಕ ತಪ್ಪಿಸ್ಕಂಡು ತಿರುಗ್ದೆ? ನಾನು, ಇವ್ನು ಮಾರ್ಕಬುಟ್ಟವ್ನೆ ಅನ್ಕಂಡಿದ್ದೆ ಕಣ್ಲಾ!"
ಒಳಗಿಂದ ಅತ್ತಿಗೆ ನಕ್ಕರು.
ನೀನು ಚಿತ್ರವನ್ನು ಅವರ ಕಡೆ ತಿರುಗಿಸಿ, "ಬುಡು, ಈಗ ಸರ್ಯಾಗದೆ. ಆವಮ್ಮಂಗೂ ನನ್ನಷ್ಟೇ ವಯಸ್ಸಾಗಿರ್ಬೇಕಲ್ವಾ" ಅಂದೆ.

ಅಷ್ಟೇ. ಕಾಫಿ ಕುಡಿದು ಬಂದೆ.

ಆ ಭಾನುವಾರವೂ ಏನಾದರೂ ನೆಪ ಹೇಳೋಣ ಅಂತಲೇ ಇದ್ದೆ...
ಅರ್ಧ ದಾರಿಯಿಂದ ಒಂದು ಸಲ ಹಿಂದಕ್ಕೂ ತಿರುಗಿದ್ದೆ.
ಹಾಗೇ ಮನೆಗೆ ಹೋಗಿಬಿಟ್ಟಿದ್ದರೆ?
ನಾನು ಮಾರಿಕೊಂಡೆ ಅಂದುಕೊಂಡೇ ನೀನು ಹೋಗಿಬಿಡುತ್ತಿದ್ದೆ...

ಹೋಗಿ ಬಾ ಅಣ್ಣ.
ಶಿವ ನಿನ್ನ ಜೀವಕ್ಕೆ ತನ್ನ ಹತ್ತಿರವೇ ನೆಮ್ಮದಿಯ ಜಾಗ ಕೊಡಲಿ...