ಅರಳಿ–ಬೇವಿನ ಪತಿ-ಪತ್ನಿ ಪ್ರಕರಣ

ನದಿಗೂ ಮರಕ್ಕೂ ಮನುಷ್ಯರಂತೆ ಕಾನೂನಿನ ಹಕ್ಕು ಬೇಕು ಎಂದು ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆಯುವವಳು ನಾನು. ಲೈಕೂ ಬೀಳುತ್ತದೆ, ಮರವೂ ಬೀಳುತ್ತದೆ.

ವೈಟ್‌ಫೀಲ್ಡಿನ ನಮ್ಮ ಬೀದಿಯ ಕೊನೆಯ ಕಟ್ಟೆಯಲ್ಲಿ ಅರಳಿ, ಬೇವು ಜೊತೆಗಿದ್ದವು. ರಸ್ತೆ ಅಗಲ ಮಾಡಲು ಅರಳಿಯನ್ನು ಕಿತ್ತು ಕೆರೆ ದಂಡೆಯಲ್ಲಿ ನೆಡುತ್ತೇವೆ ಎಂದು ಅದರ ಕಾಂಡಕ್ಕೇ ನೋಟಿಸ್ ಹೊಡೆದರು. ಬೇವು ಅಡ್ಡವಿಲ್ಲ, ಅದು ಇರಲಿ ಎಂದಿತ್ತು. ನಮ್ಮ ಮನೆ ಓನರ್ ಅಕ್ಕ ಈ ಊರಿನವರೇ. ನನ್ನಿಂದ ಓದಿಸಿ ಕೇಳಿದವರು ಕಟ್ಟೆಯ ಮೇಲೇ ಕೂತುಬಿಟ್ಟರು. ಹಿಂದೆ ಆ ಎರಡು ಮರಕ್ಕೆ ಮದುವೆ ಮಾಡಿಸಿದಾಗ ಬೇವನ್ನು ಮಗಳೆಂದು ಧಾರೆ ಎರೆದುಕೊಟ್ಟವರು ಅವರ ಅತ್ತೆ-ಮಾವ.

ಆಕ್ಷೇಪಣೆ ಕೇಳುವ ದಿನ ನಾನೂ ಅಕ್ಕನೂ ಪಾಲಿಕೆಯಲ್ಲಿ ಮರಗಳ ವಿಷಯ ನೋಡುವ ಅಧಿಕಾರಿಯ ಕಚೇರಿಗೆ ಹೋದೆವು. ಯಾವ ದೇಶದಲ್ಲಿ ಯಾವ ನದಿಗೆ ಹಕ್ಕು ಸಿಕ್ಕಿದೆ ಎಂದು ನಾನು ಪ್ರಿಂಟ್ ತೆಗೆಸಿದ ಹಾಳೆ ಓದಿದೆ. ಅಧಿಕಾರಿ ಆಕಳಿಸಿದರು.

"ನೀವ್ ಯಾರಮ್ಮ?" ಎಂದು ಅಕ್ಕನನ್ನು ಕೇಳಿದರು.

"ಆ ಬೇವು ನಂಗೆ ನಾದಿನಿ ಆಗ್ಬೇಕು ಸಾರ್. ಗಂಡನ್ನ ಒಂದ್ಕಡೆ, ಎಂಡ್ತೀನ ಒಂದ್ಕಡೆ ಆಕ್ತೀರಲ್ಲ, ನ್ಯಾಯಾನಾ?"

ಪಕ್ಕದ ಗುಮಾಸ್ತರು ನಕ್ಕರು. "ಸಾರ್, ಇದು ಪತಿ-ಪತ್ನಿ ಪ್ರಕರಣ. ಮೇಷ್ಟ್ರುಗಳಿಗೆ ಹೆಂಡ್ತಿ ಇರೋ ಊರಿಗೇ ವರ್ಗ ಕೊಡ್ತಾರೆ, ಮರಕ್ಕ್ಯಾಕಿಲ್ಲ?"

ಅಧಿಕಾರಿ ನಗಲಿಲ್ಲ. "ನನ್ ಅರ್ಜಿ ನಾಲ್ಕು ವರ್ಷದಿಂದ ಕೊಳೀತಾ ಇದೆ ಕಣ್ರೀ. ಮನೆಯವ್ರು ಬೀದರ್‌ನಲ್ಲಿದ್ದಾರೆ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇಲ್ಲೇ ಉಳಿಸಿ ಅಂದ್ರೆ ನನ್ ಕೈಲಾಗಲ್ಲಮ್ಮ. ಇಬ್ರನ್ನೂ ಒಟ್ಟಿಗೆ ಕೆರೆಗೆ ಕಳಿಸ್ತೀನಿ. ಆಗ್ಬಹುದಾ?"

ಒಪ್ಪಬೇಡಿ ಎಂದು ನಾನು ಅಕ್ಕನ ಮೊಣಕೈ ತಿವಿದೆ. ಅವರು ನನ್ನ ಕೈ ಸರಿಸಿದರು. "ಜೊತೇಲಿರ್ಲಿ ಸಾರ್, ಸಾಕು."

ಕ್ರೇನ್ ಬಂದ ಬೆಳಿಗ್ಗೆ ಮೊದಲು ಅರಳಿ ಹೋಯಿತು. ಬೇವಿಗೆ ಬೆಲ್ಟ್ ಬಿಗಿಯುವ ಹೊತ್ತಿಗೆ ಅಕ್ಕ ಹಸಿರು ರವಿಕೆ ಬಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಬಂದರು. ತವರು ಬಿಡುವ ಹೆಣ್ಣಿಗೆ ಕೊಡುವ ಮಡಿಲಕ್ಕಿ. ಅದನ್ನು ಕಾಂಡಕ್ಕೆ ಕಟ್ಟಹೋದರೆ ಗಂಟು ನಿಲ್ಲಲಿಲ್ಲ. ನಾನು ಇನ್ನೊಂದು ತುದಿ ಹಿಡಿದೆ. ಹಿಂದೆ ಕ್ಯಾಬುಗಳು ಹಾರ್ನ್ ಹೊಡೆಯುತ್ತಿದ್ದವು. ಕ್ರೇನ್ ಚಾಲಕ ರಾಯಚೂರಿನ ಕಡೆಯವನು. ತಡವಾಯ್ತು, ಬೇಜಾರು ಮಾಡ್ಕೋಬೇಡಪ್ಪ ಎಂದೆ. ಅವನು ಎಂಜಿನ್ ಆಫ್ ಮಾಡಿದ.

"ಆರಾಮ ಕಟ್ರಿ ಅಕ್ಕಾರ. ಉಡಿ ತುಂಬದ ಹೆಣ್ಣಮಗಳನ್ನ ನಮ್ಮ ಕಡೀನೂ ಕಳಸಂಗಿಲ್ರೀ."