ಮಾಬಣ್ಣನ ವೈರ್‌ಲೆಸ್

ಮಾಬುಸಾಬ್ ಟೇಲರ್, ಅಂದರೆ ನಮ್ಮೆಲ್ಲರ ಮಾಬಣ್ಣ, ಹೊಲಿದ ಅಂಗಿಯನ್ನು ನಮ್ಮ ಕ್ರಾಸಿನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎರಡು ತೋಳು ಎಂದೂ ಸಮ ಇರುತ್ತಿರಲಿಲ್ಲ. ಟೇಪು ಹಿಡಿದ ಕೈ ನಮ್ಮ ಮೈಮೇಲಿದ್ದರೂ ಕಿವಿ ಮಾತ್ರ ತಲೆಯ ಮೇಲಿನ ಹಲಗೆಯಲ್ಲಿಟ್ಟ ವೈರ್‌ಲೆಸ್ ಸೆಟ್ಟಿನ ಕಡೆಗೆ. ಅದು ಚರ್ ಎಂದರೆ ಸಾಕು, ಟೇಪು ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಹೊಲಿಯುತ್ತಿದ್ದರೆ ಮಷಿನ್ ತುಳಿಯುವ ಕಾಲು ನಿಂತುಬಿಡುತ್ತಿತ್ತು. ನನ್ನ ಮದುವೆಯ ಅಂಗಿಯ ಎಡತೋಳು ಬಲಕ್ಕಿಂತ ಎರಡು ಬೆರಳು ಗಿಡ್ಡ. ಬಾಯಿಗೆ ಬಂದಂತೆ ಬೈದೆ. ಆ ಕೈ ಬೆನ್ನ ಹಿಂದೆ ಇಟ್ಟುಕೊಂಡು ಫೋಟೋ ತೆಗೆಸಿಕೋ ಅಂದ. ಹಾಗೇ ತೆಗೆಸಿಕೊಂಡೆ.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಕ್ರಾಸು. ಕಾಲುವೆ ನೀರು ಬಂದ ಮೇಲೆ ಸುತ್ತ ಭತ್ತ, ಭತ್ತದ ಹಿಂದೆ ಹೊರಗಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ಕ್ಯಾಂಪಿನ ಅಂಚಿಗೆ ಕೂಲಿಯವರ ಹುಲ್ಲು ಗುಡಿಸಲು. ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಬೆಂಕಿ ಗಾಡಿ ದೂರದಿಂದ ಬರಬೇಕು, ಬರುವ ಹೊತ್ತಿಗೆ ಬೂದಿಯಷ್ಟೇ ಉಳಿದಿರುತ್ತಿತ್ತು. ಅದಕ್ಕೇ ಮಾಬಣ್ಣ ನಮ್ಮನ್ನು ಕೂಡಿಸಿಕೊಂಡಿದ್ದ. ನನ್ನದು ಟ್ರ್ಯಾಕ್ಟರು, ನೀರಿನ ಟ್ಯಾಂಕರು. ಉಳಿದವರದು ಕೊಡ, ಕುಡಗೋಲು, ಹಸಿ ಗೋಣಿಚೀಲ. ಪಗಾರ ಯಾರಿಗೂ ಇರಲಿಲ್ಲ. ಮಾಬಣ್ಣನ ಬೈಗುಳ ಮಾತ್ರ ಎಲ್ಲರಿಗೂ ಇತ್ತು.

ಎಂಬತ್ತರ ದಶಕದಲ್ಲಿ ನಮ್ಮ ಕ್ರಾಸಿನ ಪೊಲೀಸ್ ಔಟ್‌ಪೋಸ್ಟಿಗೆ ಬಂದಿದ್ದ ಸಾಹೇಬರೊಬ್ಬರು ಈ ಕೆಲಸ ಕಣ್ಣಾರೆ ಕಂಡು, ಕೇಳಿಸಿಕೊಳ್ಳಲಷ್ಟೇ ಬರುವ ಹಳೆಯ ಸೆಟ್ಟೊಂದನ್ನು ಅವನಿಗೆ ಕೊಟ್ಟಿದ್ದರು. ಬೆಂಕಿ ಬಿದ್ದರೆ ಕ್ಯಾಂಪಿನ ಸಾಹುಕಾರರು ಪಟ್ಟಣಕ್ಕೆ ಫೋನು ಮಾಡುವರು, ಪಟ್ಟಣದವರು ವೈರ್‌ಲೆಸ್ಸಿನಲ್ಲಿ ಔಟ್‌ಪೋಸ್ಟಿಗೆ ಹೇಳುವರು. ಅದೇ ಗಳಿಗೆಗೆ ಅದು ಮಾಬಣ್ಣನ ಅಂಗಡಿಯಲ್ಲೂ ಕೇಳುತ್ತಿತ್ತು.

ಒಮ್ಮೆ ತುರ್ವಿಹಾಳದ ಕಡೆ ಬಣವೆಗೆ ಬೆಂಕಿ. ನಾನು ಉಣ್ಣುತ್ತಿದ್ದೆ. ಮಾಬಣ್ಣ ಒಳಗೇ ಬಂದು ನನ್ನ ರಟ್ಟೆ ಹಿಡಿದ. "ನೀ ಉಣ್ಣೋ ತನಕ ಬೆಂಕಿ ಚಾ ಕುಡ್ಕೋತ ಕುಂದ್ರತೈತೇನಲೇ ಶರಣಾ?" ಎಂಜಲು ಕೈಯಲ್ಲೇ ಸ್ಟೇರಿಂಗ್ ಹಿಡಿದೆ. ಅವತ್ತು ಬಣವೆಯ ಪಕ್ಕ ಕಟ್ಟಿದ್ದ ಎಮ್ಮೆಯ ಹಗ್ಗ ಕೊಯ್ಯಲು ಹೋಗಿ ಅವನ ಅರ್ಧ ಮೀಸೆ ಸುಟ್ಟುಹೋಯಿತು. ಮಾಬಣ್ಣನ ಮೀಸೆಗೂ ಈಗ ಅವನ ಅಂಗಿಯದೇ ಅಳತೆ ಎಂದು ಊರೆಲ್ಲ ನಕ್ಕಿತು. ಎಮ್ಮೆಯ ಒಡತಿ ಬಹಳ ದಿನ ಅವನ ಅಂಗಡಿಗೆ ಮಜ್ಜಿಗೆ ತಂದುಕೊಟ್ಟಳು.

ತೊಂಬತ್ತರ ದಶಕದ ನಡುವಿನಲ್ಲಿ ಔಟ್‌ಪೋಸ್ಟಿಗೆ ಹೊಸ ಸೆಟ್ಟು ಬಂತು. ಮಾತಿಗೆ ಕೀಲಿ ಹಾಕಿ ಕಳಿಸುವ ಸೆಟ್ಟು. ಅಂಥದೇ ಸೆಟ್ಟು ಇದ್ದವರಿಗೆ ಮಾತು ಕೇಳುತ್ತದೆ, ಬೇರೆಯವರಿಗೆ ಬರೀ ಗರಗರ. ಕಳ್ಳಭಟ್ಟಿಯವರು ಕದ್ದು ಕೇಳಿ, ದಾಳಿಗೆ ಮೊದಲೇ ಓಡಿಹೋಗುತ್ತಿದ್ದರಂತೆ. ಇರಬಹುದು, ಕೀಲಿ ಹಾಕಿದ್ದನ್ನು ತಪ್ಪೆನ್ನಲು ನಾನ್ಯಾರು? ಮಾಬಣ್ಣನೂ ತಪ್ಪೆನ್ನಲಿಲ್ಲ. ತನಗೂ ಅಂಥದೊಂದು ಕೊಡಿಸಿರೆಂದು ಲಿಂಗಸುಗೂರಿನ ಬಸ್ಸು ಹತ್ತಿ, ಅಲ್ಲಿಂದ ಮುಂದೆ ಇನ್ನೆಲ್ಲಿಗೋ ಹೋಗಿ, ಸಿಕ್ಕ ಸಾಹೇಬರಿಗೆಲ್ಲ ಕೈಮುಗಿದ. ಒಂದು ಸಲ ನಾನೂ ಜೊತೆಗಿದ್ದೆ. "ಕಳ್ಳರಿಗೆ ಕೀಲಿ ಹಾಕ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ನೀರು ಹೊತ್ಕೊಂಡು ಓಡಾವ್ರಿಗೂ ಯಾಕ್ರಿ ಕೀಲಿ?" ಎಂದು ಕೇಳಿದ. ಹೊರಗಿನವರಿಗೆ ಕೊಡಲು ಬರುವುದಿಲ್ಲ, ಬೆಂಕಿಯ ಸುದ್ದಿ ಇದ್ದರೆ ಪೇದೆಯನ್ನು ಅಂಗಡಿಗೆ ಕಳಿಸಿ ಹೇಳಿಸುತ್ತೇವೆ ಎಂದರು. ಅಷ್ಟಕ್ಕೇ ಮುಗಿಯಿತು.

ಹಳೆಯ ಸೆಟ್ಟನ್ನು ಮಾತ್ರ ಅವನು ಆರಿಸಲಿಲ್ಲ. ದಿನವಿಡೀ ಆ ಗರಗರ ಕೇಳಿ ನಮ್ಮ ತಲೆ ಚಿಟ್ಟುಹಿಡಿದರೆ, ಅವನು ಅದರಲ್ಲೇ ಅರ್ಥ ಹುಡುಕತೊಡಗಿದ. ಗಿಡ್ಡ ಗರಗರ ಎಂದರೆ ಹಾಜರಿಯಂತೆ, ಉದ್ದ ಎಂದರೆ ಎಲ್ಲೋ ಏನೋ ಆಗಿದೆಯಂತೆ. ಉದ್ದ ಕೇಳಿದಾಗೊಮ್ಮೆ ಔಟ್‌ಪೋಸ್ಟಿಗೆ ಓಡುವನು. ಅಲ್ಲಿ ನೋಡಿದರೆ ಯಾರೋ ದೊಡ್ಡವರ ಕಾರು ಬರುವ ಸುದ್ದಿ, ಇಲ್ಲವೇ ಬಂದೋಬಸ್ತಿನ ಮಾತು. ಹೀಗೆ ಓಡಿ ಓಡಿ ಒಂದು ದಿನ ಹೊಸ ಸಾಹೇಬರ ಸಿಟ್ಟಿಗೆ ಸಿಕ್ಕ. ಸಂತೆಯ ಜನರೆದುರಿಗೇ ಅವರು, "ಸುದ್ದಿ ಇದ್ರ ನಾವ ಹೇಳಿ ಕಳಸ್ತೀವಿ. ಇನ್ನೊಮ್ಮೆ ಈ ಕಟ್ಟಿ ಹತ್ತಿದ್ರ ಆ ಡಬ್ಬಿನೂ ಎತ್ತಿಸ್ತೀನಿ" ಎಂದರು. ಬಿಳಿಗಡ್ಡದ ಮನುಷ್ಯ ತಲೆ ತಗ್ಗಿಸಿಕೊಂಡು ಅಂಗಡಿಗೆ ಬಂದ. ಅವತ್ತು ಯಾರನ್ನೂ ಬೈಯಲಿಲ್ಲ.

ಅದಾದ ಮೇಲಿನ ಬೇಸಿಗೆ, ಮಧ್ಯಾಹ್ನ. ಗುಂಡಿ ಹಾಕಿಸಲು ನಾನು ಅಂಗಡಿಯಲ್ಲಿ ಕೂತಿದ್ದೆ. ಸೆಟ್ಟು ಗರಗರ ಎಂದಿತು. ನಿಂತಿತು, ಮತ್ತೆ ಶುರುವಾಯಿತು, ಉದ್ದಕ್ಕೆ ನಡೆಯಿತು. ಮಾಬಣ್ಣನ ಕಾಲು ನಿಂತಿತು. ಎದ್ದು ಬಾಗಿಲಿಗೆ ಬಂದು ಔಟ್‌ಪೋಸ್ಟಿನ ಕಡೆ ನೋಡಿದ. ಯಾರೂ ಹೊರಗೆ ಬರಲಿಲ್ಲ. ಒಂದು ಹೆಜ್ಜೆ ಕೆಳಗಿಳಿದವನು ಮತ್ತೆ ಮೇಲೆ ಬಂದ.

"ಇದ್ರ ಹೇಳಿ ಕಳಸ್ತಾರ" ಎಂದು ಮಷಿನ್ನಿಗೆ ಕೂತ.

ಕಾಲುವೆಯಾಚೆ ಹೊಗೆ ಎದ್ದಿದ್ದು ನಮಗೆ ಕಂಡಾಗ ಅದು ಆಗಲೇ ಕಪ್ಪಗಿತ್ತು. ಔಟ್‌ಪೋಸ್ಟಿನವರೆಲ್ಲ ಬಂದೋಬಸ್ತಿಗೆ ಹೋಗಿದ್ದರು, ಇದ್ದವನು ಒಬ್ಬ ಹೊಸ ಪೇದೆ. ಬೆಂಕಿ ಗಾಡಿ ಹೊರಟಿದೆ ಎಂದು ಸೆಟ್ಟಿನಲ್ಲಿ ಕೇಳಿ ಸುಮ್ಮನಾಗಿದ್ದ. ಟೇಲರನಿಗೆ ಹೇಳಬೇಕೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ನಾವು ಮುಟ್ಟಿದಾಗ ಗುಡಿಸಲ ಸಾಲು ನೆಲಕ್ಕೆ ಕೂತಿತ್ತು. ಗದ್ದೆಯಿಂದ ಓಡಿಬಂದ ಹೆಂಗಸರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಕೊನೆಯ ಗುಡಿಸಲಿನಲ್ಲಿ ಎರಡು ಕೂಸುಗಳನ್ನು ಮಲಗಿಸಿ ಕೆಲಸಕ್ಕೆ ಹೋಗಿದ್ದರು. ಮಾಬಣ್ಣನೇ ಆ ಬೂದಿಯೊಳಗೆ ಹೋಗಿ, ಹಸಿ ಗೋಣಿಚೀಲದಲ್ಲಿ ಸುತ್ತಿ ಅವನ್ನು ಹೊರಗೆ ತಂದ. ತಾಯಂದಿರಿಗೆ ಬಿಚ್ಚಿ ತೋರಿಸಲಿಲ್ಲ.

ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ ನನ್ನ ಪಕ್ಕ ಕೂತಿದ್ದ.

"ಅದು ಹೇಳಿತ್ತಲೇ ಶರಣಾ. ನನ್ನ ತಲಿ ಮ್ಯಾಲೆ ನಿಂತು ಅಷ್ಟೊತ್ತು ಹೇಳಿತು. ನನಗ ತಿಳೀಲಿಲ್ಲ."

ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಮೇಲೆ ಎಂದರೆ ಹೇಳಲು ಬರುವುದಿಲ್ಲ. ಆ ಪೇದೆಯೂ ಆಮೇಲೆ ನಮ್ಮೆದುರು ಕೂತು ಅತ್ತ.

ಮರುದಿನ ಮಾಬಣ್ಣ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಔಟ್‌ಪೋಸ್ಟಿನ ಕಟ್ಟೆಯ ಮೇಲಿಟ್ಟು ಬಂದ. ನಮ್ಮ ಗುಂಪು ಮತ್ತೆ ಕೂಡಲಿಲ್ಲ. ನನ್ನ ಟ್ಯಾಂಕರು ಗದ್ದೆಗೆ ಔಷಧಿ ಹೊಡೆಯಲು ನೀರು ಹೊರತೊಡಗಿತು.

ನಾನು ಅವನನ್ನು ಕೊನೆಗೆ ಕಂಡಿದ್ದು ಅಂಗಿ ಹೊಲಿಸಲು ಹೋದಾಗ. ತಲೆಯ ಮೇಲಿನ ಹಲಗೆಯಲ್ಲಿ ದಾರದ ಉಂಡೆಗಳಿದ್ದವು. ನನ್ನ ಮುಖ ನೋಡುತ್ತ, ಒಂದೊಂದು ತೋಳನ್ನೂ ಎರಡೆರಡು ಸಲ ಅಳೆದ. ಏನಾದರೂ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಹೊಲಿದ ಅಂಗಿಯನ್ನು ಯಾರದೋ ಕೈಯಲ್ಲಿ ಮನೆಗೆ ಕಳಿಸಿದ, ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟೆ. ಕೆಲವು ತಿಂಗಳಿಗೆ ಅವನು ತೀರಿಕೊಂಡಾಗ ಭತ್ತದ ಲೋಡು ಹಾಕಿಕೊಂಡು ಸಿಂಧನೂರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮನೆಗೆ ಬಂದು ಪೆಟ್ಟಿಗೆಯಿಂದ ಆ ಅಂಗಿ ತೆಗೆದು ಹಾಸಿ ನೋಡಿದೆ. ಎರಡು ತೋಳೂ ಸಮ ಇದ್ದವು.