ರೋಗಿಯ ಪಾತ್ರದಲ್ಲಿ ನಮ್ಮ ಮಾವ

ಮಾವನವರ ಹುಬ್ಬು ದಪ್ಪ, ಪೂರ್ತಿ ಬೆಳ್ಳಗೆ. ಸುಳ್ಳು ಕೆಮ್ಮು ಕೆಮ್ಮುವಾಗ ಎರಡೂ ಹಣೆಯ ಮೇಲಕ್ಕೆ ಏರುತ್ತಿದ್ದವು, ನಿಜವಾದ ಕೆಮ್ಮು ಬಂದಾಗ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಸುಳ್ಳು ಕೆಮ್ಮೆಂದರೆ ಕಾಫಿ ಬೇಕು ಎಂದು ಅರ್ಥ.

ಹೆಬ್ಬಾಳದ ಕಾರ್ಖಾನೆಯಲ್ಲಿದ್ದಾಗ ರಾಜ್ಯೋತ್ಸವದ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಸಿಕ್ಕಿದ್ದು ಒಂದೇ ಪಾತ್ರ, ರೋಗಿಯದು. ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳಿಗೆ, ಎಳೆಯ ಡಾಕ್ಟರುಗಳಿಗೆ ತರಬೇತಿ ನಡೆಯುತ್ತಿತ್ತು. ವಾಸಿಯಾಗದ ಕಾಯಿಲೆಯವರ ಹತ್ತಿರ ಕೂತು, ಪರಿಸ್ಥಿತಿ ಕೈಮೀರುವ ಮೊದಲೇ, ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿ ತಿಳಿಯುವ ತರಬೇತಿ. ಅಭ್ಯಾಸಕ್ಕೆ ರೋಗಿ ಬೇಕಲ್ಲ, ಮಾವ ಹೋಗಿ ಮಂಚದ ಮೇಲೆ ಮಲಗುತ್ತಿದ್ದರು.

ಪಾಠ ಮಾಡುವ ಡಾಕ್ಟರಮ್ಮ ಅವರಿಗೊಂದು ಮಾತು ಹೇಳಿಕೊಟ್ಟಿದ್ದರು. ಏನು ಕೇಳಿದರೂ ಮೊದಲು "ನನ್ನ ಮಗ ಹೇಳ್ದಂಗೆ" ಅನ್ನಬೇಕು. ನಮ್ಮ ಕಡೆ ವಯಸ್ಸಾದವರು ಹೇಳುವುದು ಅದನ್ನೇ. ಕೇಳುವವರು ಅಲ್ಲಿಗೇ ನಿಲ್ಲಿಸದೆ, ರೋಗಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಕು. ಒಂದು ಸಲ ಕಾಫಿ ಫ್ಲಾಸ್ಕ್ ಕೊಡಲು ಹೋದಾಗ ನಾನೂ ನೋಡಿದೆ. ಹೊಸ ಸಿಸ್ಟರ್ ಒಬ್ಬಳು ಆ ಮಾತು ಕೇಳಿದ್ದೇ "ಸರಿ ಅಂಕಲ್" ಎಂದು ಎದ್ದುಬಿಟ್ಟಳು.

"ಎಲ್ಲಿಗೆ ಹೊಂಟೆ ಕಣಮ್ಮ? ಬಸ್ಸೇನಾದ್ರೂ ಬಂದ್ಬುಡ್ತಾ? ನಾನಿನ್ನೂ ಬಾಯೇ ಬಿಟ್ಟಿಲ್ಲ!" ಎಂದರು ಮಾವ. ರೂಮೆಲ್ಲ ನಕ್ಕಿತು. ಅವಳೂ ನಗುತ್ತ ಮತ್ತೆ ಕೂತಳು.

ಕಳೆದ ವರ್ಷ ಮಾವನವರ ಶ್ವಾಸಕೋಶ ಕೆಡುತ್ತಿದೆ, ವಾಸಿಯಾಗುವುದಿಲ್ಲ ಎಂದು ಗೊತ್ತಾಯಿತು. ಉಸಿರಾಟದ ಮೆಷಿನ್ ಹಾಕಿಸಿಯಾದರೂ ಉಳಿಸಿಕೊಳ್ಳುತ್ತೇನೆ ಎಂದು ನನ್ನ ಯಜಮಾನರು ಹಟ ಹಿಡಿದರು. ಅಪ್ಪನಿಗೆ ಏನು ಬೇಕು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ವಿದ್ಯಾರಣ್ಯಪುರಂನ ನಮ್ಮ ಮನೆಗೆ ಆಸ್ಪತ್ರೆಯಿಂದ ಬಂದವಳು, ಅವತ್ತು ಎದ್ದು ಹೊರಟಿದ್ದ ಅದೇ ಸಿಸ್ಟರ್.

"ಉಸಿರಾಟ ಇನ್ನೂ ಕಷ್ಟ ಆದ್ರೆ ಏನ್ ಮಾಡ್ಬೇಕು ಅಂತ ಯೋಚ್ನೆ ಮಾಡಿದೀರಾ ಅಂಕಲ್?"

ಮಾವ ಮಗನ ಮುಖ ನೋಡಿದರು. "ನನ್ನ ಮಗ ಹೇಳ್ದಂಗೆ ಕಣಮ್ಮ." ಈ ಸಲ ಅದು ನಾಟಕವಾಗಿರಲಿಲ್ಲ.

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಅವ್ರನ್ನ ಆಮೇಲೆ ಕೇಳ್ತೀನಿ. ನಿಮಗೇನು ಭಯ, ಅದನ್ನ ಹೇಳಿ."

ಮಾವ ಅವಳತ್ತ ತಿರುಗಿದರು. "ಐಸಿಯುನಲ್ಲಿ ಒಬ್ನೇ ಹೋಗ್ಬುಡೋದು ಭಯ. ಮೆಷಿನ್ ಬೇಡ. ಉಸಿರು ಕಟ್ಟಿದ್ರೆ ಸಂಕಟ ಆಗ್ದಂಗೆ ಔಷಧಿ ಕೊಡಿ. ಇಲ್ಲೇ ನಡುಮನೇಲಿ ಮಲಗ್ಸಿ, ಜನ ಓಡಾಡೋದು ಕಾಣ್ಬೇಕು."

"ನಿನ್ನನ್ನ ಬಿಟ್ಬುಡು ಅಂತೀಯಾ ಅಪ್ಪ?" ಎಂದರು ಯಜಮಾನರು.

"ಬಿಟ್ಬುಡು ಅಂದ್ನೇನೋ? ಪಕ್ಕದಲ್ಲಿ ಕೂತ್ಕೋ ಅಂದೆ ಕಣೋ."

ಈ ಶ್ರಾವಣದಲ್ಲಿ ಆ ದಿನ ಬಂತು. ಫೋನ್ ಮಾಡಿದ ಕೂಡಲೇ ಸಿಸ್ಟರ್ ಡಾಕ್ಟರನ್ನು ಕರೆದುಕೊಂಡು ಬಂದು ಸಂಕಟಕ್ಕೆ ಔಷಧಿ ಕೊಡಿಸಿದಳು. ಆಂಬುಲೆನ್ಸ್ ಕರೆಸಿ ಎಂದು ನೆಂಟರೊಬ್ಬರು ಕೂಗಾಡಿದರು. "ಬೇಡ ಅಂತ ಅಪ್ಪನೇ ಹೇಳವ್ರೆ" ಎಂದು ಯಜಮಾನರು ಅವರನ್ನು ಸುಮ್ಮನಾಗಿಸಿ, ನಡುಮನೆಯ ಮಂಚದ ಪಕ್ಕ ಕೂತರು. ಎದುರು ಮನೆಯವರು ಬಂದರು. ಮಕ್ಕಳು ಸ್ಕೂಲಿನಿಂದ ಬಂದು ಬ್ಯಾಗ್ ಇಳಿಸಿದರು. ಆ ಓಡಾಟದ ನಡುವೆಯೇ ಮಾವ ಹೋದರು.

ಮನೆಯಲ್ಲಿ ಅಳು ಇನ್ನೂ ನಿಂತಿಲ್ಲ. ಆದರೆ ಹಾಗೆ ಮಾಡಬೇಕಿತ್ತೇ, ಹೀಗೆ ಮಾಡಬೇಕಿತ್ತೇ ಎಂಬ ಕೊರಗು ನಮ್ಮಿಬ್ಬರಿಗೂ ಇಲ್ಲ. ಮುಂದಿನ ತರಬೇತಿಗೆ ಯಾರಾದರೂ ಬರುತ್ತೀರಾ ಎಂದು ಡಾಕ್ಟರಮ್ಮ ಸಂಕೋಚದಿಂದಲೇ ಕೇಳಿದರು. ಯಜಮಾನರಿಗೆ ನಟನೆ ಬರುವುದಿಲ್ಲ. ಆದರೂ ಒಪ್ಪಿಕೊಂಡಿದ್ದಾರೆ, ರೋಗಿಯ ಮಗನ ಪಾತ್ರಕ್ಕೆ.